ಮಾನ್ಯರೇ ಮುಂದಿನ ಅಲ್ಪವಿರಾಮ ಮತ್ತು ಎಂಟು ಸೆಂಟು ಜಾಗ

ವಿರಾಜಪೇಟೆ

ಕೊಡಗಿನ ಶಾಲೆಗಳ ಕನ್ನಡ ಮೇಷ್ಟ್ರುಗಳಿಗೆ, ಟೀಚರುಗಳಿಗೆ, ಕಚೇರಿ ಕೌಂಟರುಗಳಲ್ಲಿ ಕೂತು ನಮ್ಮ ಅರ್ಜಿ ತೆಗೆದುಕೊಳ್ಳುವ ಎಲ್ಲರಿಗೂ ಗಡಿಯಾರ ಕಂಬದ ಹತ್ತಿರದ ಟೈಪಿಂಗ್ ಅಂಗಡಿಯವಳು ಮಾಡುವ ನಮಸ್ಕಾರಗಳು.

ಇಪ್ಪತ್ತೊಂಬತ್ತು ವರ್ಷದಿಂದ ಬೇರೆಯವರ ಕಾಗದ ಟೈಪ್ ಮಾಡಿಯೇ ಹೊಟ್ಟೆ ಹೊರೆದಿದ್ದೇನೆ. ಮೊದಲು ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರ್. ಪಹಣಿ ತಿದ್ದುಪಡಿ, ರೇಷನ್ ಕಾರ್ಡು, ಆನೆ ತೋಟಕ್ಕೆ ನುಗ್ಗಿದ್ದಕ್ಕೆ ಪರಿಹಾರ, ಕೋವಿ ಲೈಸೆನ್ಸಿನಿಂದ ವಿನಾಯಿತಿ ಪತ್ರ, ಮಗನ ಮದುವೆಗೆ ರಜೆ. ಎಲ್ಲ ಇದೇ ಬೆರಳಿನಿಂದ ಹೋಗಿವೆ. ನಾನು ಕನ್ನಡ ಎಂ.ಎ. ಮಾಡಿದವಳಲ್ಲ. ಆದರೆ ಒಂದು ಚುಕ್ಕಿ ತಪ್ಪಾದರೆ ಯಾರ ಮನೆಯಲ್ಲಿ ಏನಾಗುತ್ತದೆ ಅಂತ ನೋಡಿದ್ದೇನೆ. ಅದನ್ನು ಹೇಳೋಣ ಅಂತ ಈ ಕಾಗದ.

ಈಗ ಬರೆಯಲು ಕಾರಣ ನಮ್ಮ ಪಕ್ಕದ ಮನೆಯ ಹುಡುಗಿ. ಹತ್ತನೇ ಕ್ಲಾಸು. ಹೋದ ತಿಂಗಳು ಪರೀಕ್ಷೆಯ ಉತ್ತರ ಪತ್ರಿಕೆ ಹಿಡಿದುಕೊಂಡು ಮುಖ ಊದಿಸಿಕೊಂಡು ಬಂದಳು. ಬೀದಿದೀಪ ಸರಿಮಾಡಿಸಿ ಅಂತ ಪಂಚಾಯಿತಿಗೆ ಪತ್ರ ಬರೆಯುವ ಪ್ರಶ್ನೆ. ‘ಮಾನ್ಯರೇ’ ಆದಮೇಲೆ ಅಲ್ಪವಿರಾಮ ಇಲ್ಲ, ಅಲ್ಲೊಂದು ಕೆಂಪು ಸೊನ್ನೆ. ‘ಇಂತಿ ತಮ್ಮ ವಿಧೇಯ’ ಆದಮೇಲೂ ಇಲ್ಲ, ಅಲ್ಲೂ ಒಂದು. ಅರ್ಧ, ಅರ್ಧ, ಒಟ್ಟು ಒಂದು ಅಂಕ ಹೋಯಿತು. ಹೋಗಲಿ. ನಾನು ಪತ್ರವನ್ನು ಪೂರ್ತಿ ಓದಿದೆ. ನಡುವೆ ಒಂದು ಸಾಲಿತ್ತು: ‘ಕಂಬ ಸಂಖ್ಯೆ 12-15ರ ದೀಪಗಳು ಉರಿಯುತ್ತಿಲ್ಲ.’

‘ನಾಲ್ಕು ಕಂಬಾನಾ?’ ಅಂತ ಕೇಳಿದೆ.

‘ಇಲ್ಲ ಆಂಟಿ, ಎರಡೇ. ಹನ್ನೆರಡು ಮತ್ತೆ ಹದಿನೈದು.’

ಅಲ್ಲಿ ಕೆಂಪು ಶಾಯಿ ಇರಲಿಲ್ಲ. ಎರಡು ಕಂಬವನ್ನು ನಾಲ್ಕು ಮಾಡಿದ ಆ ಸಣ್ಣ ಗೆರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಲೈನ್‌ಮನ್ ಏಣಿ ಹೊತ್ತುಕೊಂಡು ಹದಿಮೂರನೇ ಕಂಬ ಹತ್ತಿದ ಮೇಲೆ ಗೊತ್ತಾಗುತ್ತದೆ, ಅಲ್ಲಿ ಬಲ್ಬು ಸರಿಯಾಗೇ ಇದೆ ಅಂತ.

ಮೊದಲು ಆ ‘ಮಾನ್ಯರೇ’ ವಿಷಯ ಮುಗಿಸಿಬಿಡುತ್ತೇನೆ. (ಕಾಮಾ ಅಂತ ಬರೆದರೆ ನಗುವವರಿದ್ದಾರೆ. ಅದಕ್ಕೆ ಅಲ್ಪವಿರಾಮ ಅಂತಲೇ ಬರೆಯುತ್ತೇನೆ.) ‘ಮಾನ್ಯರೇ’ ಪದದ ಕೊನೆಗೆ ‘ಏ’ ಯಾಕಿದೆ? ಕರೆಯುವುದಕ್ಕೆ. ‘ಅಣ್ಣಾ’, ‘ಅವ್ವಾ’ ಅಂತ ಕೊನೆಯನ್ನು ಎಳೆದು ಕರೆಯುತ್ತೇವಲ್ಲ, ಹಾಗೆ. ಕರೆದದ್ದು ಆಗಲೇ ಆಯಿತು. ಇಂಗ್ಲಿಷಿನ ‘ಡಿಯರ್ ಸರ್’ಗೆ ಇಂಥ ಬಾಲ ಇಲ್ಲ, ಅಲ್ಲಿ ಆ ಕೆಲಸವನ್ನು ಚಿಹ್ನೆ ಮಾಡುತ್ತದೆ. ಆ ಚಿಹ್ನೆಯೂ ಎಲ್ಲ ಕಡೆ ಒಂದೇ ಅಲ್ಲ. ಬ್ರಿಟನ್ನಿನಲ್ಲಿ ಅಲ್ಪವಿರಾಮ. ಅಮೆರಿಕದಲ್ಲಿ ಕಚೇರಿ ಪತ್ರವಾದರೆ ಎರಡು ಚುಕ್ಕಿಯ ಕೋಲನ್, ಗೆಳೆಯನಿಗಾದರೆ ಅಲ್ಪವಿರಾಮ. ಜರ್ಮನ್ನರು ಹಿಂದೆಲ್ಲ ಆಶ್ಚರ್ಯಸೂಚಕ ಹಾಕುತ್ತಿದ್ದರು, ಈಗ ಅಲ್ಪವಿರಾಮಕ್ಕೆ ಬಂದಿದ್ದಾರೆ. ಇನ್ನು ಎಷ್ಟೋ ಕಂಪನಿಗಳ ಇಂಗ್ಲಿಷ್ ಪತ್ರದಲ್ಲಿ ವಿಳಾಸಕ್ಕೂ ಇಲ್ಲ, ಕರೆಯುವ ಸಾಲಿಗೂ ಇಲ್ಲ, ಮುಗಿಸುವ ಸಾಲಿಗೂ ಇಲ್ಲ. ಅಲ್ಲಿ ಇರುವ ನಿಯಮ ಒಂದೇ. ಮೇಲೆ ಹಾಕಿದರೆ ಕೆಳಗೂ ಹಾಕು, ಮೇಲೆ ಬಿಟ್ಟರೆ ಕೆಳಗೂ ಬಿಡು. ನಮ್ಮ ಹುಡುಗಿ ಎರಡು ಕಡೆಯೂ ಬಿಟ್ಟಿದ್ದಳು. ಆ ಲೆಕ್ಕದಲ್ಲಿ ಅವಳು ಸರಿಯಾಗೇ ಬರೆದಿದ್ದಳು ಅಲ್ವಾ?

ನಮ್ಮ ಅಜ್ಜಂದಿರ ಕಾಗದದಲ್ಲಿ ಕರೆಯುವ ಸಾಲೇ ಇರಲಿಲ್ಲ. ‘ತೀರ್ಥರೂಪರಾದ ಅಪ್ಪಯ್ಯನವರ ಪಾದಗಳಿಗೆ ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು’ ಅಂತ ಒಂದು ಪೂರ್ತಿ ವಾಕ್ಯ. ಯಾರಿಗೆ, ಯಾರಿಂದ, ಎಲ್ಲ ಅದರೊಳಗೇ ಬಂತು. ಆಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’. ಅಲ್ಪವಿರಾಮ ಹಾಕಲು ಜಾಗವೇ ಇಲ್ಲ. ನಾನು ಈ ಕಾಗದ ಶುರುಮಾಡಿದ್ದೂ ಹಾಗೆಯೇ, ನೋಡಿ.

ನಮ್ಮ ಭಾಷೆಗೆ ಚಿಹ್ನೆಯ ಹಂಗು ಮೊದಲಿನಿಂದಲೂ ಕಡಿಮೆ. ‘ಬಂದನೇ’ ಅಂದರೆ ಪ್ರಶ್ನೆ ಪದದಲ್ಲೇ ಇದೆ. ‘ಅಪ್ಪನೂ ಅವ್ವನೂ’ ಅಂದರೆ ಅಲ್ಪವಿರಾಮ ಬೇಡ. ಯಾರೋ ಹೇಳಿದ ಮಾತು ಎಲ್ಲಿ ಮುಗಿಯಿತು ಅಂತ ‘ಅಂತ’, ‘ಎಂದು’ ಹೇಳುತ್ತವೆ. ಕ್ರಿಯಾಪದ ಕೊನೆಗೆ ಬಂದು ಕೂತರೆ ವಾಕ್ಯ ಮುಗಿಯಿತು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಹದಿನಾರು ಸಾಲಿದೆ. ಅದರಲ್ಲಿ ಅಲ್ಪವಿರಾಮ ಇಲ್ಲ, ಆದರೂ ವಿದ್ವಾಂಸರು ಓದಿ ಅರ್ಥ ಹೇಳಿದರು. ಪದ್ಯ ಬರೆಯುವವರಿಗೆ ಒಂದು ಗೆರೆ, ಎರಡು ಗೆರೆ ಸಾಕಾಗಿತ್ತು. ಈಗಿನ ಚಿಹ್ನೆಗಳು ಬಂದದ್ದು ಇಂಗ್ಲಿಷ್ ಓದು ಮತ್ತು ಅಚ್ಚಿನ ಜೊತೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಅದನ್ನು ತಂದ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಮುಂದೆ ನಮ್ಮ ಕೊಡಗಿಗೂ ಬಂದು ಕೆಲವು ವರ್ಷ ಇದ್ದರು. ಅಂದರೆ ಈ ಚಿಹ್ನೆಗಳು ನಮ್ಮಲ್ಲಿ ಬಳಕೆಗೆ ಬಂದು ಹೆಚ್ಚೆಂದರೆ ಇನ್ನೂರು ವರ್ಷ. ಕಾಫಿ ಗಿಡಕ್ಕಿಂತ ಹಳೆಯವೇನಲ್ಲ.

ಹಾಗಂತ ಚಿಹ್ನೆ ಬೇಡ ಅಂತ ನಾನು ಹೇಳಿದೆ ಅಂದುಕೊಳ್ಳಬೇಡಿ. ಮರ್ಯಾದೆಗೆ ಹಾಕುವ ಚಿಹ್ನೆ ಬೇರೆ, ಭಾರ ಹೊರುವ ಚಿಹ್ನೆ ಬೇರೆ. ಶಾಲೆಯಲ್ಲಿ ಮೊದಲನೆಯದಕ್ಕೆ ಅಂಕ ಕೊಡುತ್ತಾರೆ. ಎರಡನೆಯದನ್ನು ಮಕ್ಕಳು ದೊಡ್ಡವರಾಗಿ, ಕಚೇರಿ ಮೆಟ್ಟಿಲು ಹತ್ತಿ ಇಳಿದು ಕಲಿಯುತ್ತಾರೆ. ನಾನೂ ಹಾಗೇ ಕಲಿತವಳು. ಅದೂ ಬೇರೆಯವರ ಖರ್ಚಿನಲ್ಲಿ.

ಕೆಲವು ವರ್ಷದ ಹಿಂದೆ ಒಬ್ಬ ಅಜ್ಜ ಬಂದರು. ಅವರ ಪಾಲಿಗೆ ಎರಡು ಎಕರೆ ಎಂಟು ಸೆಂಟು. (ಸೆಂಟು ಅಂದರೆ ಎಕರೆಯ ನೂರನೇ ಒಂದು ಭಾಗ.) ನಾನು ಅರ್ಜಿಯಲ್ಲಿ ‘2.8 ಎಕರೆ’ ಅಂತ ಟೈಪ್ ಮಾಡಿದೆ. ಬಾಯಲ್ಲಿ ‘ಎರಡು ಎಂಟು’ ಅಂದದ್ದನ್ನು ಹಾಗೇ ಬೆರಳಿಗೆ ತಂದೆ. ಕಚೇರಿಯಲ್ಲಿ ಅದನ್ನು ಕಂಪ್ಯೂಟರಿಗೆ ಹಾಕಿದವರು 2.80 ಮಾಡಿದರು. ಅವರದೇನೂ ತಪ್ಪಿಲ್ಲ, ಲೆಕ್ಕದ ಪ್ರಕಾರ 2.8 ಅಂದರೆ 2.80 ತಾನೇ? ಬರೆಯಬೇಕಾಗಿದ್ದು 2.08. ಒಂದು ಸೊನ್ನೆ ಬಿಟ್ಟದ್ದಕ್ಕೆ ಎಪ್ಪತ್ತೆರಡು ಸೆಂಟು ಜಾಗ ಗಾಳಿಯಿಂದ ಹುಟ್ಟಿಕೊಂಡಿತು. ಗಾಳಿಯಿಂದ ಹುಟ್ಟಿದ್ದು ಸುಮ್ನೆ ಇರುತ್ತದೆಯೇ? ಅದೇ ಸರ್ವೆ ನಂಬರಿನ ಪಕ್ಕದವರ ಪಾಲಿನಲ್ಲಿ ಅಷ್ಟು ಕಡಿಮೆಯಾಯಿತು. ಅವರು ತಕರಾರು ಹಾಕಿದರು. ನಲವತ್ತು ವರ್ಷದಿಂದ ಒಂದೇ ಕೆರೆಯಿಂದ ಕಾಫಿಗೆ ನೀರು ಹೊಡೆಯುತ್ತಿದ್ದ ಎರಡು ಮನೆಯವರು ಮಾತು ಬಿಟ್ಟರು. ಸರಿಹೋಗಲು ಹದಿನಾಲ್ಕು ತಿಂಗಳಾಯಿತು. ಆ ಅಜ್ಜ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಪ್ರತಿ ಸಲ ಬಂದಾಗಲೂ ಕುರ್ಚಿಯಲ್ಲಿ ಕೂತು, ‘ಈ ಸಲ ಚುಕ್ಕಿ ಸರಿಯಾಗಿ ಇಟ್ಟಿದ್ದೀಯಾ ಮಗಾ?’ ಅಂತ ಕೇಳುತ್ತಿದ್ದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಈ ಚುಕ್ಕಿಯ ವಿಷಯ ನಮ್ಮ ಜಿಲ್ಲೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ ನಾಜೂಕು. ನಮ್ಮಲ್ಲಿ ಎಕರೆಗೆ ನೂರು ಸೆಂಟು. ಘಟ್ಟ ಇಳಿದು ಮೈಸೂರು ಕಡೆ ಹೋದರೆ ಎಕರೆಗೆ ನಲವತ್ತು ಗುಂಟೆ. ‘1.20’ ಅಂತ ಬರೆದರೆ ನಮ್ಮವರಿಗೆ ಒಂದು ಎಕರೆ ಇಪ್ಪತ್ತು ಸೆಂಟು, ಆ ಕಡೆಯವರಿಗೆ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ. ಚುಕ್ಕಿ ಒಂದೇ, ನಡುವೆ ಮೂವತ್ತು ಸೆಂಟು ವ್ಯತ್ಯಾಸ. ಅದಕ್ಕೆ ಈಗ ನನ್ನ ಅಂಗಡಿಯಲ್ಲಿ ಚುಕ್ಕಿಯನ್ನು ನಂಬಿ ಯಾರ ಜಾಗವನ್ನೂ ಬಿಡುವುದಿಲ್ಲ. ‘1.20 (ಒಂದು ಎಕರೆ ಇಪ್ಪತ್ತು ಸೆಂಟು)’ ಅಂತ ಅಕ್ಷರದಲ್ಲೂ ಹಾಕುತ್ತೇನೆ.

ಸರ್ವೆ ನಂಬರಿನದೂ ಇದೇ ಪಾಡು. 45/2 ಅಂದರೆ ನಲವತ್ತೈದನೇ ನಂಬರಿನ ಎರಡನೇ ಭಾಗ. 45, 2 ಅಂದರೆ ಬೇರೆ ಬೇರೆ ಎರಡು ನಂಬರು. 45-48 ಅಂದರೆ ನಾಲ್ಕು. ಓರೆಗೆರೆ, ಅಲ್ಪವಿರಾಮ, ಅಡ್ಡಗೆರೆ, ಈ ಮೂರರ ವ್ಯತ್ಯಾಸವನ್ನು ಹತ್ತನೇ ಕ್ಲಾಸಿನ ಒಂದು ಪೀರಿಯಡ್‌ನಲ್ಲಿ ಹೇಳಬಹುದು. ಬೇಕಾದರೆ ಪಹಣಿಯ ಜೆರಾಕ್ಸ್ ನಾನು ಕೊಡುತ್ತೇನೆ, ಹೆಸರು ಮುಚ್ಚಿ.

ದುಡ್ಡಿನ ಸಂಗತಿ ಎಲ್ಲರಿಗೂ ಗೊತ್ತಿದೆ ಅಂದುಕೊಳ್ಳುತ್ತೇವೆ. ‘ರೂ. 5,000/-’ ಅಂತ ಯಾಕೆ ಬರೆಯುತ್ತೇವೆ ಅಂತ ಒಮ್ಮೆ ಮಕ್ಕಳನ್ನು ಕೇಳಿ. ಶೋಕಿಗೆ ಅಂದುಕೊಂಡಿರುತ್ತಾರೆ. ಮುಂದೆ ಇನ್ನೊಂದು ಸೊನ್ನೆ ಸೇರಿಸಲು ಜಾಗ ಕೊಡಬಾರದು ಅಂತ ಆ ಓರೆಗೆರೆ. ‘ರೂ.’ ಆದಮೇಲೆ ಒಂದಿಷ್ಟು ಜಾಗ ಬಿಡಬೇಕು. ಇಲ್ಲದಿದ್ದರೆ ಆ ಚುಕ್ಕಿ ಅಂಕಿಗೆ ಅಂಟಿಕೊಂಡು ದಶಮಾಂಶದ ಹಾಗೆ ಕಾಣುತ್ತದೆ.

ಇನ್ನು ಹೆಸರು. ಇಲ್ಲಿ ಕೊಡಗಿನವರಿಗೆ ಬೇರೆಯವರಿಗಿಂತ ಜಾಸ್ತಿ ಎಚ್ಚರ ಬೇಕು. ಕೊಡವರ ಹೆಸರಿನಲ್ಲಿ ಮೊದಲು ಮನೆತನ, ಆಮೇಲೆ ಅಪ್ಪ, ಕೊನೆಗೆ ತಾನು. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ ಅಂದರೆ ಒಬ್ಬರೇ. ನಡುವೆ ಅಲ್ಪವಿರಾಮ ಹಾಕಿದರೆ ಅವರ ತಂದೆಯೂ ಪಟ್ಟಿಗೆ ಬಂದು ಕೂರುತ್ತಾರೆ. ಜಮ್ಮಾ ಆಸ್ತಿಯ (ವಂಶದಿಂದ ಬಂದ ಜಾಗದ) ಅರ್ಜಿಯಲ್ಲಿ ಒಕ್ಕದ, ಅಂದರೆ ಒಂದೇ ಮನೆತನದ, ಇಪ್ಪತ್ತು ಮೂವತ್ತು ಜನರ ಹೆಸರು ಸಾಲಾಗಿ ಬರುತ್ತದೆ. ಎಲ್ಲಿ ಒಬ್ಬ ಮುಗಿದ, ಎಲ್ಲಿ ಇನ್ನೊಬ್ಬ ಶುರುವಾದ ಅಂತ ಹೇಳುವುದು ಆ ಒಂದು ಸಣ್ಣ ಕೊಕ್ಕೆ. ಅಂಥ ಪಟ್ಟಿಯನ್ನು ನಾನು ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಬರೆಯುವುದನ್ನೇ ಬಿಟ್ಟೆ. ಒಬ್ಬರಿಗೆ ಒಂದು ಸಾಲು. ಕಾಗದ ಜಾಸ್ತಿ ಹೋಗುತ್ತದೆ, ಹೋಗಲಿ.

2018ರಲ್ಲಿ ಮಡಿಕೇರಿ ಕಡೆ, 2019ರಲ್ಲಿ ನಮ್ಮ ತೋರ ಗ್ರಾಮದಲ್ಲಿ ಗುಡ್ಡ ಜಾರಿತು. ಆ ಎರಡು ಆಗಸ್ಟ್ ತಿಂಗಳಲ್ಲಿ ನಾನು ಟೈಪ್ ಮಾಡಿದಷ್ಟು ಅರ್ಜಿ ಮತ್ತೆ ಮಾಡಿಲ್ಲ, ಮಾಡುವುದೂ ಬೇಡ. ಮನೆ ಕಳೆದುಕೊಂಡ ಒಬ್ಬರು ಕೈಬರಹದ ಅರ್ಜಿ ಹಿಡಿದು ಬಂದಿದ್ದರು. ಪರಿಹಾರ ಕೇಂದ್ರದಲ್ಲಿ ಯಾರೋ ಹುಡುಗ ಪಾಪ ಅರ್ಜೆಂಟಿನಲ್ಲಿ ಬರೆದುಕೊಟ್ಟಿದ್ದ. ‘ಮನೆಯಲ್ಲಿ ನಾನು, ನನ್ನ ಹೆಂಡತಿ, ನನ್ನ ತಮ್ಮ, ಸೋಮಯ್ಯ ಇದ್ದೆವು.’ ಒಂದು ಕಚೇರಿಯಲ್ಲಿ ಕೇಳಿದರಂತೆ, ಈ ಸೋಮಯ್ಯ ಯಾರು, ಅವರ ಆಧಾರ್ ಎಲ್ಲಿ ಅಂತ. ತಮ್ಮನ ಹೆಸರೇ ಸೋಮಯ್ಯ. ಇವರು ಅಲ್ಲೇ ನಿಂತು ಬಾಯಲ್ಲಿ ಹೇಳಿದರೂ ಕೇಳಲಿಲ್ಲ, ಬೇರೆ ಬರೆಸಿಕೊಂಡು ಬನ್ನಿ ಅಂದರು. ಆ ಮಳೆಯಲ್ಲಿ, ಆ ರಸ್ತೆಯಲ್ಲಿ, ಒಂದು ಅಲ್ಪವಿರಾಮ ತೆಗೆಸಲು ಅವರು ಬಂದಿದ್ದರು. ನಾನು ಟೈಪ್ ಮಾಡಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಮೇಷ್ಟ್ರುಗಳು ಹೇಳುವ ಆ ಗಲ್ಲುಶಿಕ್ಷೆಯ ಹಳೇ ಕತೆ ಇದೆಯಲ್ಲ, ಅಲ್ಪವಿರಾಮ ಸರಿದು ಪ್ರಾಣ ಹೋಯಿತು ಅಂತ. ಅದರ ಬದಲು ಮಕ್ಕಳಿಗೆ ಇದನ್ನು ಹೇಳಿ.

ಹೆಸರಿನ ಮುಂದಿನ ಇನಿಷಿಯಲ್ ಚುಕ್ಕಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬ್ಯಾಂಕಿನಲ್ಲಿ ಚುಕ್ಕಿ ಇದೆ, ಆಧಾರ್‌ನಲ್ಲಿ ಇಲ್ಲ, ಮಾರ್ಕ್ಸ್ ಕಾರ್ಡಿನಲ್ಲಿ ಒಂದಕ್ಕಿದೆ ಇನ್ನೊಂದಕ್ಕಿಲ್ಲ. ‘ಮೇಲಿನ ಎರಡೂ ಹೆಸರು ನನ್ನದೇ’ ಅಂತ ಅಫಿಡವಿಟ್ ಮಾಡಿಸುತ್ತಾರೆ. ಅದರಿಂದ ನನಗೆ ಒಳ್ಳೆಯ ಸಂಪಾದನೆ ಇದೆ, ಸುಳ್ಳು ಯಾಕೆ ಹೇಳಲಿ.

ಕಚೇರಿಯವರಿಗೂ ಒಂದು ಮಾತು. ನಿಮ್ಮ ಪತ್ರಗಳಲ್ಲಿ ‘ವಿಷಯಃ’, ‘ದಿನಾಂಕಃ’, ‘ಸ್ಥಳಃ’ ಅಂತ ಬರುತ್ತದೆ. ಅದು ಕೋಲನ್ ಅಲ್ಲ, ವಿಸರ್ಗ. ಗಟ್ಟಿಯಾಗಿ ಓದಿ ನೋಡಿ, ‘ವಿಷಯಹ’, ‘ದಿನಾಂಕಹ’. ಸಂಸ್ಕೃತ ಪಾಠದ ಹಾಗೆ ಕೇಳುತ್ತದೆ. ಇನ್ನು ಕೆಲವರು ಕೋಲನ್ ಹಾಕಿ, ಸಾಲದು ಅಂತ ಪಕ್ಕದಲ್ಲಿ ಅಡ್ಡಗೆರೆಯನ್ನೂ ಎಳೆಯುತ್ತಾರೆ. ‘ಉಲ್ಲೇಖ’ ಆದಮೇಲೆ ನಕ್ಷತ್ರಗಳ ಸಾಲು ಬೇರೆ. ಇದರಿಂದ ಯಾರಿಗೂ ನಷ್ಟವಿಲ್ಲ, ಬಿಡಿ. ಆದರೆ ನೀವು ವಿಸರ್ಗ ಹಾಕಿದರೆ ನಡೆಯುತ್ತದೆ, ಮುದುಕರೊಬ್ಬರು ‘ವಿಷಯ’ ಅಂತ ತಲೆಬರಹವನ್ನೇ ಹಾಕದೆ ಬಂದರೆ ಅರ್ಜಿ ವಾಪಸ್ ಆಗುತ್ತದೆ. ಇದು ಎಲ್ಲಿಯ ನ್ಯಾಯ?

ಈಗ ಮನೆ ಕಾಗದದ ಕಡೆ ಬರುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಒಬ್ಬರು ಅಜ್ಜಿ ನನ್ನ ಅಂಗಡಿಗೆ ಬರುತ್ತಿದ್ದರು. ಮಗ ಸೈನ್ಯದಲ್ಲಿ. ವಿಳಾಸದಲ್ಲಿ ಊರಿನ ಹೆಸರೇ ಇಲ್ಲ, ನಂಬರು, ರ‍್ಯಾಂಕು, ಹೆಸರು, ಘಟಕ, ಕೊನೆಗೆ ‘ಕೇರ್ ಆಫ್ 56 ಎ.ಪಿ.ಓ.’ (ಸೈನ್ಯದ ಅಂಚೆ ಕಚೇರಿ) ಅಷ್ಟೇ. ನೀಲಿ ಇನ್‌ಲ್ಯಾಂಡ್ ಲೆಟರ್ ತಂದು, ‘ಮೆಷಿನ್ನಲ್ಲಿ ಬೇಡ, ಕೈಯಲ್ಲಿ ಬರಿ’ ಅನ್ನುತ್ತಿದ್ದರು. ಅವರು ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಹೇಳುತ್ತಿದ್ದರು, ನಾನು ಕನ್ನಡ ಅಕ್ಷರದಲ್ಲಿ ಹಾಗೇ ಇಳಿಸುತ್ತಿದ್ದೆ. ದನ ಕರು ಹಾಕಿತು. ಈ ಕಕ್ಕಡ ತಿಂಗಳಲ್ಲಿ ಮಳೆ ಬಿಟ್ಟಿಲ್ಲ. ಹಿತ್ತಲ ಗೋಡೆ ಒದ್ದೆಯಾಗಿದೆ. ಹೀಗೆ ಹೇಳುತ್ತಾ ಹೇಳುತ್ತಾ ನಡುವೆ ಸುಮ್ಮನಾಗುತ್ತಿದ್ದರು. ನಾನು ಪೆನ್ನು ಎತ್ತಿ ಕಾಯುತ್ತಿದ್ದೆ. ಒಂದು ದಿನ ಬರೆದದ್ದನ್ನು ಓದಿಸಿಕೊಂಡು ಕೇಳಿದರು, ‘ಇಲ್ಲಿ ನಾನು ಸುಮ್ನೆ ಕೂತೆನಲ್ಲಾ, ಅದು ಎಲ್ಲಿ?’

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆಮೇಲೆ ಅಲ್ಲಿ ಮೂರು ಚುಕ್ಕಿ ಇಟ್ಟೆ. ತೋರಿಸಿದೆ. ‘ಇಷ್ಟೇನಾ? ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ’ ಅಂದರು. ಆರು ಇಟ್ಟೆ. ಅವತ್ತಿನಿಂದ ಅವರ ಕಾಗದದಲ್ಲಿ ಚುಕ್ಕಿಗಳ ಲೆಕ್ಕ ಅವರದೇ. ಮುಂದಿನ ಹುತ್ತರಿ ಹಬ್ಬಕ್ಕೆ ಮಗ ರಜೆಯಲ್ಲಿ ಬಂದಾಗ ಅಂಗಡಿಗೆ ಬಂದಿದ್ದ. ‘ಅಕ್ಕಾ, ಆ ಚುಕ್ಕಿ ನೀವು ಹಾಕಿದ್ದಾ, ಅವ್ವ ಹಾಕಿಸಿದ್ದಾ?’ ಅಂತ ಕೇಳಿದ. ಅವ್ವನದೇ ಅಂದೆ. ತಲೆ ಆಡಿಸಿದ. ಬೇರೆ ಏನೂ ಮಾತಾಡಲಿಲ್ಲ.

ಪರೀಕ್ಷೆಯಲ್ಲಿ ಮೂರಕ್ಕಿಂತ ಜಾಸ್ತಿ ಚುಕ್ಕಿ ಇಟ್ಟರೆ ತಪ್ಪು. ಸರಿ, ಇರಲಿ. ಆದರೆ ‘ಅಜ್ಜಿಗೆ ಒಂದು ಪತ್ರ ಬರೆಯಿರಿ’ ಅಂತ ಪ್ರಶ್ನೆ ಕೊಟ್ಟಾಗ ಮಗು ತನ್ನ ಅಜ್ಜಿಗೆ ಮಾತಾಡಿದ ಹಾಗೆ ಬರೆಯಲು ಬಿಡಿ. ನಮ್ಮ ಹುಡುಗಿ ಇನ್ನೊಂದು ಪರೀಕ್ಷೆಯಲ್ಲಿ ‘ಅಜ್ಜಿ ನೀನು ಮಾತ್ರೆ ತಗೊಂಡ್ಯಾ???’ ಅಂತ ಬರೆದಿದ್ದಳಂತೆ. ಮೂರು ಪ್ರಶ್ನಾರ್ಥಕ ಚಿಹ್ನೆಗೂ ಅಡ್ಡಗೆರೆ ಎಳೆದು ‘ಪೂಜ್ಯ ಅಜ್ಜಿಯವರಿಗೆ, ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ’ ಅಂತ ಮಾದರಿ ಬರೆದುಕೊಟ್ಟಿದ್ದಾರೆ. ಆ ಅಜ್ಜಿ ಸಕ್ಕರೆ ಕಾಯಿಲೆಯವರು, ಮಾತ್ರೆ ಮರೆಯುತ್ತಾರೆ. ದಿನಾ ಮೂರು ಸಲ ಕೇಳಿದರೇ ನುಂಗುವುದು.

ಮನೆ ಕಾಗದಕ್ಕೆ ಅದರದೇ ಗುರುತುಗಳಿದ್ದವು. ಮಗನ ಹೆಸರಿಗೆ ಮೊದಲು ‘ಚಿ||’, ಮದುವೆಯಾದ ಮಗಳಿಗೆ ‘ಸೌ||’. ಎರಡು ನೇರ ಗೆರೆ ಎಳೆದರೆ ಪದ ಮೊಟಕಾಗಿದೆ ಅಂತ ಅರ್ಥ, ಇಂಗ್ಲಿಷಿನವರು ಚುಕ್ಕಿ ಇಡುವ ಜಾಗದಲ್ಲಿ. ಪುಟದ ಕೆಳಗೆ ‘ಪು.ತಿ.ನೋ.’, ಪುಟ ತಿರುಗಿಸಿ ನೋಡಿ. ಮರೆತದ್ದಕ್ಕೆ ಕೊನೆಗೆ ‘ವಿ.ಸೂ.’ ಮದುವೆ ಕಾಗದವಾದರೆ ಮೂಲೆಗೆ ಅರಿಸಿನ. ಅರಿಸಿನ ಕಂಡರೆ ಸಾಕು, ಬಿಡಿಸಿ ಓದುವ ಮೊದಲೇ ವಿಷಯ ಗೊತ್ತಾಗುತ್ತಿತ್ತು. ಇದನ್ನೂ ಚಿಹ್ನೆ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

ಈಗಿನ ಮಕ್ಕಳೂ ಇಂಥದ್ದು ಮಾಡಿಕೊಂಡಿದ್ದಾರೆ. ನಾನು ವಾಟ್ಸಾಪ್‌ನಲ್ಲಿ ತಂಗಿಯ ಮಗನಿಗೆ ‘ಸರಿ.’ ಅಂತ ಕಳಿಸಿದರೆ ತಕ್ಷಣ ಫೋನ್ ಬರುತ್ತದೆ. ‘ದೊಡ್ಡಮ್ಮ, ಕೋಪಾನಾ? ಚುಕ್ಕಿ ಹಾಕಿದ್ದೀರಲ್ಲ.’ ಟೈಪಿಸ್ಟ್ ಬೆರಳು ಕಣೋ, ಅದಾಗಿಯೇ ಹೋಗುತ್ತದೆ ಅಂದರೂ ನಂಬುವುದಿಲ್ಲ. ಈಗ ಅವನಿಗೆ ಚುಕ್ಕಿ ಬಿಟ್ಟು ಕಳಿಸುತ್ತೇನೆ. ಕಚೇರಿಗೆ ಮಾತ್ರ ಇಟ್ಟು ಕಳಿಸುತ್ತೇನೆ. ಯಾರಿಗೆ ಯಾವುದು ಅಂತ ಅವನಿಗೂ ಗೊತ್ತು, ನನಗೂ ಗೊತ್ತು.

ಕೇಳಿಕೊಳ್ಳುವುದು ಇಷ್ಟು. ಟೀಚರ್, ಪತ್ರ ತಿದ್ದುವಾಗ ಮೊದಲು ಅಂಕಿ, ಹೆಸರು, ತಾರೀಕು ನೋಡಿ. ಅಲ್ಲಿ ತಪ್ಪಿದ್ದರೆ ಒಂದು ಅಂಕ ಅಲ್ಲ, ಎರಡು ಕಳೆಯಿರಿ, ನಾನು ಬೇಡ ಅನ್ನುವುದಿಲ್ಲ. ‘ಮಾನ್ಯರೇ’ ಮುಂದಿನದನ್ನು ಹೇಳಿಕೊಡಿ, ಆದರೆ ಅದಕ್ಕೆ ಅಂಕ ಮುರಿಯಬೇಡಿ. ಕಚೇರಿಯವರು ಕೌಂಟರಿನ ಪಕ್ಕ ಒಂದು ಮಾದರಿ ಹಾಳೆ ಅಂಟಿಸಿ. ವಿಸ್ತೀರ್ಣ ಹೇಗೆ, ಸರ್ವೆ ನಂಬರ್ ಹೇಗೆ, ಮನೆಯವರ ಹೆಸರು ಹೇಗೆ ಅಂತ ದೊಡ್ಡ ಅಕ್ಷರದಲ್ಲಿ ಇರಲಿ. ಅನುಮಾನ ಬಂದರೆ ವಾಪಸ್ ಕಳಿಸುವ ಮೊದಲು ಎದುರಿಗೆ ನಿಂತವರನ್ನು ಕೇಳಿ. ಅಲ್ಲೇ ತಿದ್ದಿಸಿ, ಪಕ್ಕದಲ್ಲಿ ಸಹಿ ಹಾಕಿಸಿ.

ಅಂಥ ಹಾಳೆಯೊಂದನ್ನು ನಾನೇ ಮಾಡಿ ಇನ್ನೂರು ಪ್ರತಿ ತೆಗೆದಿಟ್ಟಿದ್ದೇನೆ. ದುಡ್ಡು ಬೇಡ. ಯಾವ ಶಾಲೆಯವರು, ಯಾವ ಕಚೇರಿಯವರು ಬಂದರೂ ಕೊಡುತ್ತೇನೆ. ಸಂಜೆ ಆರರವರೆಗೆ ಅಂಗಡಿ ತೆರೆದಿರುತ್ತದೆ, ಕರೆಂಟ್ ಇದ್ದರೆ.

ಇಂತಿ
ಟೈಪಿಂಗ್ ಅಂಗಡಿಯವಳು
ವಿರಾಜಪೇಟೆ – 571218

ವಿ.ಸೂ.: ಎರಡು ಎಕರೆ ಎಂಟು ಸೆಂಟಿನ ಅಜ್ಜನ ಪಹಣಿ ಕೊನೆಗೂ ಸರಿಯಾಗಿ ಬಂತು. ತಂದು ಮೇಜಿನ ಮೇಲೆ ಇಟ್ಟು, ಆ ಸೊನ್ನೆ ಎಲ್ಲಿದೆ ತೋರಿಸು ಅಂದರು. ತೋರಿಸಿದೆ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು. ಆಮೇಲೆ ಪಕ್ಕದ ಮನೆಯವರಿಗೂ ತೋರಿಸಬೇಕು, ಒಂದು ಜೆರಾಕ್ಸ್ ಕೊಡು ಅಂದರು.